ಬಂಡೆಯಿಂದ ಕೆಮ್ಮಣ್ಣಿನವರೆಗೆ: ಬೆಂಗಳೂರಿನ ನೆಲದಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ

ಬೆಂಗಳೂರಿನಲ್ಲಿ ಹೊಸ ಕಟ್ಟಡಕ್ಕೆಂದು ಆಳವಾದ ಪಾಯ ತೋಡಿದಾಗ ಈ ಊರಿನ ನೆಲ ಹೇಗೆ ಹುಟ್ಟಿತೆಂಬುದು ಕೆಲವು ವಾರಗಳ ಮಟ್ಟಿಗೆ ಕಣ್ಣಿಗೆ ಬೀಳುತ್ತದೆ. ಮೇಲೆ ಬೇರುಗಳು ಹೆಣೆದುಕೊಂಡ ಕೆಂಪು ಮಣ್ಣು, ಅದರ ಕೆಳಗೆ ಗರಸು, ಗರಸಿನ ಕೆಳಗೆ ಬಿಳಿ, ಹಳದಿ, ಕೆಂಪು ಬಣ್ಣಗಳು ಬೆರೆತ ಮೆದುಕಲ್ಲು. ಈ ಮೆದುಕಲ್ಲನ್ನು ಕೈಯಿಂದ ಹಿಸುಕಿದರೆ ಪುಡಿಯಾಗುತ್ತದೆ. ಆದರೂ ಮೂಲ ಬಂಡೆಯ ಪಟ್ಟೆಗಳು ಅದರಲ್ಲಿ ಅಳಿಸದೆ ಉಳಿದಿರುತ್ತವೆ. ಎಲ್ಲಕ್ಕೂ ಕೆಳಗೆ ಬ್ರೇಕರ್ ಯಂತ್ರಕ್ಕೂ ಸುಲಭವಾಗಿ ಜಗ್ಗದ ಬೂದು ಬಂಡೆ ಇರುತ್ತದೆ. ಈ ಬಂಡೆಯೇ ಲಾಲ್‌ಬಾಗಿನಲ್ಲಿ ಗುಡ್ಡವಾಗಿ ಮೇಲೆದ್ದು ನಿಂತಿರುವ ಪೆನಿನ್ಸುಲರ್ ನೈಸ್ ಎಂಬ ಪಟ್ಟೆಯುಳ್ಳ ರೂಪಾಂತರ ಶಿಲೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ ಎಂಬ ವಿಜ್ಞಾನಿ 1916ರಲ್ಲಿ ಅದಕ್ಕೆ ಈ ಹೆಸರಿಟ್ಟರು.

ಕೆಳಗಿನ ಬಂಡೆ ಮೇಲಿನ ಮಣ್ಣಾಗುವ ಈ ನಿಧಾನದ ಕ್ರಿಯೆಗೆ ಶಿಥಿಲೀಕರಣವೆಂದು ಹೆಸರು. ಬಂಡೆಯಲ್ಲಿರುವ ಖನಿಜಗಳು ನೀರು, ಗಾಳಿ, ಬೇರು, ಸೂಕ್ಷ್ಮಜೀವಿಗಳ ಸಂಪರ್ಕದಲ್ಲಿ ಒಡೆದು, ಕರಗುವ ಭಾಗ ನೀರಿನೊಡನೆ ಹೋಗಿ, ಕರಗದ ಭಾಗ ಹೊಸ ರೂಪದಲ್ಲಿ ನೆಲೆಯೂರುತ್ತದೆ. ಬಂಡೆಯಲ್ಲಿ ಮೊದಲಿನಿಂದಲೂ ಇರುವ ವಿಕಿರಣಶೀಲ ಧಾತುಗಳೂ ಈ ವಿಂಗಡಣೆಯಿಂದ ಹೊರತಲ್ಲ. ನೆಲದ ವಿಕಿರಣದ ಬಗ್ಗೆ ಮಾತು ಬಂದಾಗಲೆಲ್ಲ ನಾವು ಅದು ಎಷ್ಟಿದೆ ಎಂದಷ್ಟೇ ಕೇಳುತ್ತೇವೆ. ಶಿಥಿಲೀಕರಣವನ್ನು ಅರಿತವರು ಕೇಳುವ ಮುಖ್ಯ ಪ್ರಶ್ನೆ ಬೇರೆ: ಬಂಡೆಯಲ್ಲಿ ಒಟ್ಟಿಗಿದ್ದ ಈ ಧಾತುಗಳಲ್ಲಿ ಯಾವುದನ್ನು ನೀರು ಎಲ್ಲಿಗೆ ಒಯ್ದಿದೆ, ಯಾವುದನ್ನು ಇದ್ದಲ್ಲೇ ಬಿಟ್ಟಿದೆ? ಬೆಂಗಳೂರಿನ ಕೆಂಪು ಮಣ್ಣಿನ ಗುಣದಿಂದ ಹಿಡಿದು ಕೋಲಾರದ ಕೊಳವೆಬಾವಿಯ ನೀರಿನ ತನಕ ಹಲವು ಸಂಗತಿಗಳಿಗೆ ಈ ಪ್ರಶ್ನೆಯಲ್ಲಿ ಉತ್ತರವಿದೆ.

ನೆಲದಲ್ಲಿ ಸಹಜವಾಗಿರುವ ವಿಕಿರಣಶೀಲತೆಗೆ ಬಹುಮಟ್ಟಿಗೆ ಮೂರು ಧಾತುಗಳು ಕಾರಣ. ಯುರೇನಿಯಂ-238ರ ಅರ್ಧಾಯುಷ್ಯ (ಅದರ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಿ ಬೇರೆ ಧಾತುವಾಗಲು ಹಿಡಿಯುವ ಕಾಲ) ಸುಮಾರು 447 ಕೋಟಿ ವರ್ಷ, ಥೋರಿಯಂ-232ರದ್ದು ಸುಮಾರು 1,405 ಕೋಟಿ ವರ್ಷ, ಪೊಟ್ಯಾಸಿಯಂ-40ರದ್ದು ಸುಮಾರು 125 ಕೋಟಿ ವರ್ಷ. ಭೂಮಿ ರೂಪುಗೊಂಡು ಸುಮಾರು 454 ಕೋಟಿ ವರ್ಷಗಳಾಗಿವೆ. ಅಂದಿನ ಯುರೇನಿಯಂ-238ರಲ್ಲಿ ಅರ್ಧದಷ್ಟು, ಥೋರಿಯಂನಲ್ಲಿ ಐದರಲ್ಲಿ ನಾಲ್ಕು ಭಾಗ ಇಂದಿಗೂ ಉಳಿದಿದ್ದರೆ, ಪೊಟ್ಯಾಸಿಯಂ-40ರಲ್ಲಿ ಉಳಿದಿರುವುದು ನೂರಕ್ಕೆ ಎಂಟು ಭಾಗದಷ್ಟು ಮಾತ್ರ. ಹಾಗಿದ್ದರೂ ನೆಲದಲ್ಲಿ ಪೊಟ್ಯಾಸಿಯಂ ಧಾರಾಳವಾಗಿರುವುದರಿಂದ ಅದರ ಪಾಲು ದೊಡ್ಡದು. ಭೂಮಿಯ ಚಿಪ್ಪಿನ ಒಂದು ಟನ್ ಕಲ್ಲಿನಲ್ಲಿ ಸರಾಸರಿ ಮೂರು ಗ್ರಾಮಿನ ಆಸುಪಾಸು ಯುರೇನಿಯಂ, ಹತ್ತು ಗ್ರಾಮಿನ ಆಸುಪಾಸು ಥೋರಿಯಂ ಇದ್ದರೆ, ಪೊಟ್ಯಾಸಿಯಂ ಇಪ್ಪತ್ತು ಕಿಲೋಗ್ರಾಮಿಗೂ ಮೀರುತ್ತದೆ. ಆ ಪೊಟ್ಯಾಸಿಯಂನಲ್ಲಿ ವಿಕಿರಣಶೀಲವಾದದ್ದು ಹತ್ತು ಸಾವಿರ ಪರಮಾಣುಗಳಿಗೆ ಒಂದಕ್ಕಿಂತ ತುಸು ಹೆಚ್ಚು, ಅಷ್ಟೇ.

ಯುರೇನಿಯಂ ಮತ್ತು ಥೋರಿಯಂ ಒಂದೇ ಹೆಜ್ಜೆಯಲ್ಲಿ ಸ್ಥಿರ ಸ್ಥಿತಿಗೆ ಬರುವುದಿಲ್ಲ. ಯುರೇನಿಯಂ-238 ಕ್ಷಯಿಸುತ್ತ ಥೋರಿಯಂ-234, ಯುರೇನಿಯಂ-234, ಥೋರಿಯಂ-230, ರೇಡಿಯಂ-226, ರೇಡಾನ್-222, ಪೊಲೋನಿಯಂ ಮೊದಲಾದ ರೂಪಗಳನ್ನು ದಾಟಿ ಕೊನೆಗೆ ಸೀಸ-206 ಆಗಿ ನಿಲ್ಲುತ್ತದೆ. ಥೋರಿಯಂ-232ರ ಸರಣಿ ಸೀಸ-208ರಲ್ಲಿ ಕೊನೆಗೊಳ್ಳುತ್ತದೆ. ಒಂದೇ ಸರಣಿಯಲ್ಲಿ ಬೇರೆ ಬೇರೆ ರಾಸಾಯನಿಕ ಸ್ವಭಾವದ ಹಲವು ಧಾತುಗಳಿವೆ ಎಂಬುದನ್ನು ಇಲ್ಲಿ ಗಮನಿಸಬೇಕು. ಗಟ್ಟಿ ಬಂಡೆಯೊಳಗೆ ಈ ಸದಸ್ಯರೆಲ್ಲ ಅಲ್ಲೇ ಸಿಕ್ಕಿಕೊಂಡಿರುವುದರಿಂದ, ಒಂದು ಎಷ್ಟು ವೇಗದಲ್ಲಿ ಹುಟ್ಟುತ್ತದೋ ಅಷ್ಟೇ ವೇಗದಲ್ಲಿ ಕ್ಷಯಿಸುತ್ತ ಸಮತೋಲದಲ್ಲಿ ಇರುತ್ತವೆ. ಬಂಡೆ ಶಿಥಿಲವಾಗಿ ನೀರು ಒಳಗೆ ಇಳಿದೊಡನೆ ಪ್ರತಿಯೊಂದೂ ತನ್ನ ಸ್ವಭಾವಕ್ಕೆ ತಕ್ಕ ದಾರಿ ಹಿಡಿಯುತ್ತದೆ, ಸಮತೋಲ ಮುರಿಯುತ್ತದೆ.

ಈ ಮೂರು ಧಾತುಗಳಲ್ಲಿ ಬಂಡೆಯನ್ನು ಮೊದಲು ಬಿಟ್ಟುಹೋಗುವುದು ಪೊಟ್ಯಾಸಿಯಂ. ನೈಸ್ ಮತ್ತು ಗ್ರಾನೈಟ್ ಶಿಲೆಗಳಲ್ಲಿ ಅದು ಮುಖ್ಯವಾಗಿ ಎರಡು ಖನಿಜಗಳಲ್ಲಿದೆ: ಪೊಟ್ಯಾಶ್ ಫೆಲ್ಡ್‌ಸ್ಪಾರ್ ಮತ್ತು ಅಭ್ರಕ. ರಾಮನಗರ, ಮಾಗಡಿಯ ಕಡೆಯ ಬಂಡೆಗಳಲ್ಲಿ ಬೆರಳುದ್ದದ ನಸುಗೆಂಪು ಹರಳುಗಳನ್ನು ನೋಡಿದವರು ಪೊಟ್ಯಾಶ್ ಫೆಲ್ಡ್‌ಸ್ಪಾರನ್ನೇ ನೋಡಿದ್ದಾರೆ. ಸುಮಾರು 250 ಕೋಟಿ ವರ್ಷ ಹಿಂದೆ ರೂಪುಗೊಂಡ ಆ ಶಿಲೆಗೆ, ರಾಮನಗರದ ಹಳೆಯ ಹೆಸರನ್ನು ಹಿಡಿದು, ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಆಮ್ಲೀಯವಾಗಿಯೇ ನೆಲಕ್ಕೆ ಬೀಳುತ್ತದೆ. ಮಣ್ಣಿನೊಳಗೆ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವುದರಿಂದ ಅಲ್ಲಿನ ಗಾಳಿಯಲ್ಲಿ ಈ ಅನಿಲ ಹೊರಗಿಗಿಂತ ಹತ್ತಾರು ಪಟ್ಟು ಹೆಚ್ಚಿರುತ್ತದೆ. ಹೀಗೆ ಉಂಟಾದ ದುರ್ಬಲ ಕಾರ್ಬಾನಿಕ್ ಆಮ್ಲವು ಫೆಲ್ಡ್‌ಸ್ಪಾರನ್ನು ಕೆಯೋಲಿನೈಟ್ ಎಂಬ ಜೇಡಿಯನ್ನಾಗಿ ಬದಲಿಸುತ್ತದೆ. ಕೆಯೋಲಿನೈಟಿನ ರಚನೆಯಲ್ಲಿ ಪೊಟ್ಯಾಸಿಯಂಗೆ ಜಾಗವಿಲ್ಲ. ಬಿಡುಗಡೆಯಾದ ಪೊಟ್ಯಾಸಿಯಂನಲ್ಲಿ ಸ್ವಲ್ಪವನ್ನು ಗಿಡಗಳು ಹೀರಿಕೊಳ್ಳುತ್ತವೆ, ಸ್ವಲ್ಪ ಬೇರೆ ಜೇಡಿ ಖನಿಜಗಳ ಪದರಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಉಳಿದದ್ದು ಬಸಿದು ಹಳ್ಳಕೊಳ್ಳಗಳನ್ನು ಸೇರುತ್ತದೆ.

ಇದರ ಪರಿಣಾಮ ಅಳತೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಶೇಕಡಾ 1ರಷ್ಟು ಪೊಟ್ಯಾಸಿಯಂ ಇರುವ ಒಂದು ಕಿಲೋಗ್ರಾಂ ವಸ್ತುವಿನಲ್ಲಿ ಸೆಕೆಂಡಿಗೆ ಸುಮಾರು 313 ಪೊಟ್ಯಾಸಿಯಂ-40 ಪರಮಾಣುಗಳು ಕ್ಷಯಿಸುತ್ತವೆ, ಅಂದರೆ ಅದರ ಚಟುವಟಿಕೆ 313 ಬೆಕ್ವೆರೆಲ್. ಶೇಕಡಾ 3ರಿಂದ 4ರಷ್ಟು ಪೊಟ್ಯಾಸಿಯಂ ಇರುವ ಗ್ರಾನೈಟಿನಲ್ಲಿ ಇದು ಸಾವಿರದ ಆಸುಪಾಸಿನಲ್ಲಿರುತ್ತದೆ. ಆದರೆ ಜನವಸತಿಯ ಪ್ರದೇಶಗಳ ಮಣ್ಣಿಗೆ ವಿಶ್ವಸಂಸ್ಥೆಯ ವಿಕಿರಣ ವಿಜ್ಞಾನ ಸಮಿತಿ ಕೊಡುವ ಜಾಗತಿಕ ಸರಾಸರಿ ಕಿಲೋಗ್ರಾಮಿಗೆ ಸುಮಾರು 420 ಬೆಕ್ವೆರೆಲ್ ಮಾತ್ರ. ಉಷ್ಣವಲಯದಲ್ಲಿ ದೀರ್ಘಕಾಲ ಮಳೆಗೆ ಒಡ್ಡಿಕೊಂಡ ಜಂಬಿಟ್ಟಿಗೆಯಲ್ಲಿ ಅದು ಇನ್ನೂ ತೀರ ಕೆಳಗಿಳಿಯಬಲ್ಲದು. ನಮ್ಮ ಕೆಂಪು ಮಣ್ಣಿನ ಹೊಲಗಳಿಗೆ ರೈತರು ಪೊಟ್ಯಾಶ್ ಗೊಬ್ಬರ ಹಾಕಬೇಕಾಗಿ ಬರುವುದಕ್ಕೂ, ಆ ಮಣ್ಣಿನಲ್ಲಿ ಪೊಟ್ಯಾಸಿಯಂ-40ರ ಗಾಮಾ ಕಿರಣ ಕಡಿಮೆಯಾಗುವುದಕ್ಕೂ ಇರುವ ಮೂಲ ಒಂದೇ. ಹಾಗೆ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಶ್ ಗೊಬ್ಬರದ ತೂಕದಲ್ಲಿ ಸುಮಾರು ಅರ್ಧ ಪೊಟ್ಯಾಸಿಯಂ ಆದ್ದರಿಂದ ಅದರ ಒಂದು ಕಿಲೋಗ್ರಾಮಿನಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಬೆಕ್ವೆರೆಲ್ ಇರುತ್ತದೆ. ಈ ಸಂಖ್ಯೆಗೆ ಯಾರೂ ಗಾಬರಿಪಡಬೇಕಿಲ್ಲ. ವಯಸ್ಕ ಮನುಷ್ಯನ ದೇಹದಲ್ಲೇ ಸದಾಕಾಲ ನಾಲ್ಕು ಸಾವಿರ ಬೆಕ್ವೆರೆಲ್‌ಗಿಂತ ತುಸು ಹೆಚ್ಚು ಪೊಟ್ಯಾಸಿಯಂ-40 ಇರುತ್ತದೆ. ಊಟದಲ್ಲಿ ಬಂದ ಪೊಟ್ಯಾಸಿಯಂ ಹೆಚ್ಚಾದರೆ ದೇಹ ಅದನ್ನು ಹೊರಹಾಕಿ ಪ್ರಮಾಣವನ್ನು ತಾನೇ ಕಾಯ್ದುಕೊಳ್ಳುತ್ತದೆ.

ಥೋರಿಯಂ ಇದಕ್ಕೆ ನೇರ ವಿರುದ್ಧ ಸ್ವಭಾವದ್ದು. ಅದು ನೀರಿನಲ್ಲಿ ಕರಗುವುದು ಅತ್ಯಲ್ಪ. ಬಂಡೆಯಲ್ಲಿ ಅದರ ಬಹುಪಾಲು ಮೊನಜೈಟ್, ಜಿರ್ಕಾನ್, ಅಲನೈಟ್ ಮೊದಲಾದ ಕಣ್ಣಿಗೆ ಬೀಳದಷ್ಟು ಸಣ್ಣ ಹರಳುಗಳಲ್ಲಿರುತ್ತದೆ. ಮೊನಜೈಟ್ ಮತ್ತು ಜಿರ್ಕಾನ್ ಶಿಥಿಲೀಕರಣಕ್ಕೆ ಸುಲಭವಾಗಿ ಮಣಿಯುವುದಿಲ್ಲ. ಹರಳು ಕರಗಿ ಥೋರಿಯಂ ಬಿಡುಗಡೆಯಾದರೂ ಅದು ದೂರ ಹೋಗದೆ ಪಕ್ಕದ ಜೇಡಿಗೋ ಕಬ್ಬಿಣದ ಆಕ್ಸೈಡಿಗೋ ಅಂಟಿಕೊಂಡುಬಿಡುತ್ತದೆ. ಹೀಗಾಗಿ ಬಂಡೆಗಿಂತ ಅದರ ಮೇಲಿನ ಕೆಂಪು ಮಣ್ಣಿನಲ್ಲಿ ಕಿಲೋಗ್ರಾಮಿಗೆ ಸಿಗುವ ಥೋರಿಯಂ ಹೆಚ್ಚಾಗಿರುವುದು ಸಾಮಾನ್ಯ. ಹೊರಗಿನಿಂದ ಏನೋ ಬಂದು ಸೇರಿದೆ ಎಂದು ಇದನ್ನು ಅರ್ಥೈಸುವವರಿದ್ದಾರೆ, ಅದು ಸರಿಯಲ್ಲ. ಕಬ್ಬಿನ ಹಾಲು ಬತ್ತಿ ಬೆಲ್ಲವಾಗುವಾಗ ಸಿಹಿ ಹೆಚ್ಚುವುದು ಯಾರೋ ಸಕ್ಕರೆ ಬೆರೆಸಿದ್ದರಿಂದಲ್ಲ, ನೀರು ಹೋದದ್ದರಿಂದ. ಬಂಡೆಯಿಂದ ಸೋಡಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮತ್ತು ಸಿಲಿಕದ ಒಂದು ದೊಡ್ಡ ಪಾಲು ಕರಗಿ ಹೋದಾಗ, ಕದಲದೆ ಉಳಿದ ಥೋರಿಯಂ ಕಡಿಮೆ ತೂಕದ ಮಣ್ಣಿನಲ್ಲಿ ಹೆಚ್ಚು ಸಾಂದ್ರವಾಗಿ ಕಾಣುತ್ತದೆ. ನಿಜವಾಗಿ ಎಷ್ಟು ಬಂದಿದೆ, ಎಷ್ಟು ಹೋಗಿದೆ ಎಂದು ತಿಳಿಯಬೇಕಾದರೆ ಜಿರ್ಕೋನಿಯಂ ಅಥವಾ ಟೈಟಾನಿಯಂನಂಥ ಕದಲದ ಧಾತುವೊಂದನ್ನು ಆಧಾರವಾಗಿಟ್ಟುಕೊಂಡು ಲೆಕ್ಕ ಹಾಕಬೇಕು. ಈ ಲೆಕ್ಕವನ್ನು ಬಿಟ್ಟು ಬರಿಯ ಬೆಕ್ವೆರೆಲ್ ಅಂಕಿಗಳನ್ನು ಹೋಲಿಸಿ ತೀರ್ಮಾನ ಕೊಡುವುದು ನನ್ನ ಮಟ್ಟಿಗೆ ಈ ವಿಷಯದಲ್ಲಿ ನಡೆಯುವ ಅತಿ ದೊಡ್ಡ ಅವಸರ.

ಮೊನಜೈಟಿನ ಈ ಗಟ್ಟಿತನಕ್ಕೆ ಕರಾವಳಿಯಲ್ಲಿ ದೊಡ್ಡ ಪ್ರಮಾಣದ ಸಾಕ್ಷಿಯಿದೆ. ಘಟ್ಟಗಳ ಮತ್ತು ಅವುಗಳ ತಪ್ಪಲಿನ ಬಂಡೆಗಳು ಶಿಥಿಲವಾಗಿ ಉಳಿದ ಮೊನಜೈಟ್ ಹರಳುಗಳು ಹೊಳೆಗಳಲ್ಲಿ ಸಾಗಿ ಸಮುದ್ರ ಸೇರುತ್ತವೆ. ಅಲೆಗಳು ಹಗುರವಾದ ಬೆಣಚುಕಲ್ಲಿನ ಮರಳನ್ನು ಒಯ್ದು ಭಾರವಾದ ಹರಳುಗಳನ್ನು ದಡದಲ್ಲಿ ಬಿಡುತ್ತವೆ. ಕೇರಳದ ಚವರ, ಕರುನಾಗಪ್ಪಳ್ಳಿಯ ಕಡಲತೀರದಲ್ಲಿ ಸಹಜ ವಿಕಿರಣ ಲೋಕಪ್ರಸಿದ್ಧವಾಗುವಷ್ಟು ಹೆಚ್ಚಿರುವುದು ಇದರಿಂದಲೇ. ನಮ್ಮ ಉಳ್ಳಾಲದ ಮರಳಿನಲ್ಲೂ ಇದೇ ಕಾರಣದ ಹೆಚ್ಚಳವನ್ನು ಅಳೆದಿದ್ದಾರೆ.

ಯುರೇನಿಯಂನ ನಡವಳಿಕೆ ಇವೆರಡಕ್ಕಿಂತ ಸೂಕ್ಷ್ಮವಾದದ್ದು, ಅದಕ್ಕಾಗಿಯೇ ನನಗೆ ಇವುಗಳಲ್ಲೆಲ್ಲ ಹೆಚ್ಚು ಕುತೂಹಲದ್ದು. ಆಮ್ಲಜನಕವಿಲ್ಲದ ಕಡೆ ಅದು ನಾಲ್ಕು ಧನಾವೇಶಗಳ ಸ್ಥಿತಿಯಲ್ಲಿದ್ದು, ಥೋರಿಯಂನಂತೆಯೇ ಕರಗದೆ ಕೂತಿರುತ್ತದೆ. ಆಮ್ಲಜನಕ ಬೆರೆತ ನೀರು ತಾಗಿದಾಗ ಉತ್ಕರ್ಷಣಗೊಂಡು ಆರು ಧನಾವೇಶಗಳ ಸ್ಥಿತಿಗೆ ಬರುತ್ತದೆ, ಎರಡು ಆಮ್ಲಜನಕ ಪರಮಾಣುಗಳನ್ನು ಜೊತೆಮಾಡಿಕೊಂಡು ಯುರೇನಿಲ್ ಎಂಬ ಅಯಾನು ಆಗುತ್ತದೆ. ಯುರೇನಿಲ್ ನೀರಿನಲ್ಲಿ ಕರಗಬಲ್ಲದು. ಆದರೆ ಕರಗಬಲ್ಲದ್ದೆಲ್ಲ ಹರಿದು ಹೋಗುವುದಿಲ್ಲ. ಕೆಂಪು ಮಣ್ಣಿಗೆ ಆ ಬಣ್ಣ ಕೊಟ್ಟಿರುವ ಕಬ್ಬಿಣದ ಆಕ್ಸೈಡುಗಳ ಮೇಲ್ಮೈಗೆ, ಮಣ್ಣು ತುಸು ಆಮ್ಲೀಯದಿಂದ ತಟಸ್ಥದವರೆಗಿನ ಮಟ್ಟದಲ್ಲಿದ್ದಾಗ, ಯುರೇನಿಲ್ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೇಲಿನ ಪದರದಲ್ಲಿ ಬಂಡೆಯಿಂದ ಬಿಡುಗಡೆಯಾದ ಯುರೇನಿಯಂನ ಒಂದು ಪಾಲು ಹೀಗೆ ಹೊಸ ಆಸರೆ ಪಡೆದು ನಿಲ್ಲುತ್ತದೆ.

ಆ ಹಿಡಿತವನ್ನು ಸಡಿಲಿಸುವುದು ಬೈಕಾರ್ಬನೇಟ್. ಇದು ಎಲ್ಲಿಂದ ಬರುತ್ತದೆ ಎಂಬುದನ್ನು ನಿಧಾನವಾಗಿ ಗಮನಿಸಬೇಕು, ಏಕೆಂದರೆ ಇಡೀ ವಿಷಯದ ಕೀಲು ಇಲ್ಲಿದೆ. ಕಾರ್ಬಾನಿಕ್ ಆಮ್ಲವು ಫೆಲ್ಡ್‌ಸ್ಪಾರನ್ನು ಒಡೆದಾಗ ಆಮ್ಲ ಖರ್ಚಾಗಿ, ಅದರ ಜಾಗದಲ್ಲಿ ಬೈಕಾರ್ಬನೇಟ್ ಉಂಟಾಗುತ್ತದೆ. ಅಂದರೆ ನೀರು ಬಂಡೆಯೊಳಗೆ ಆಳಕ್ಕೆ ಇಳಿದಷ್ಟೂ, ಖನಿಜಗಳೊಡನೆ ಹೆಚ್ಚು ಕಾಲ ಕಳೆದಷ್ಟೂ, ಅದರ ಆಮ್ಲೀಯತೆ ತಗ್ಗುತ್ತ ಬೈಕಾರ್ಬನೇಟೂ ಕ್ಯಾಲ್ಸಿಯಮ್ಮೂ ಏರುತ್ತ ಹೋಗುತ್ತವೆ. ಯುರೇನಿಲ್ ಅಯಾನು ಕಾರ್ಬನೇಟಿನೊಡನೆ, ಅದಕ್ಕೂ ಮಿಗಿಲಾಗಿ ಕ್ಯಾಲ್ಸಿಯಂ ಮತ್ತು ಕಾರ್ಬನೇಟ್ ಎರಡರೊಡನೆಯೂ ಸೇರಿದಾಗ, ಖನಿಜಗಳಿಗೆ ಅಷ್ಟಾಗಿ ಅಂಟದ ಸಂಯುಕ್ತವಾಗಿ ನೀರಿನಲ್ಲೇ ಉಳಿಯುತ್ತದೆ. ಶಿಥಿಲೀಕರಣವು ಬಂಡೆಯಿಂದ ಯುರೇನಿಯಂನ್ನು ಬಿಡಿಸುವುದಷ್ಟೇ ಅಲ್ಲ, ಅದನ್ನು ಹೊತ್ತೊಯ್ಯುವ ನೀರನ್ನೂ ತಾನೇ ಸಿದ್ಧಪಡಿಸುತ್ತದೆ. ಮೇಲಿನ ಕೆಂಪು ಮಣ್ಣು ಯುರೇನಿಯಂನ್ನು ಹಿಡಿದಿಡುವ ಜಾಗವಾದರೆ, ಕೆಳಗಿನ ಬಿರುಕು ಬಂಡೆ ಅದನ್ನು ನೀರಿಗೆ ಬಿಟ್ಟುಕೊಡುವ ಜಾಗ.

ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕೊಳವೆಬಾವಿಗಳಲ್ಲಿ ಯುರೇನಿಯಂ ಮತ್ತೆ ಮತ್ತೆ ಸುದ್ದಿಯಾಗುವುದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಅಲ್ಲಿನ ನೆಲದಲ್ಲಿ ಯುರೇನಿಯಂ ಗಣಿಯೇನೂ ಇಲ್ಲ. ಸುರಪುರ, ಶಹಾಪುರದ ಕಡೆ ಗೋಗಿಯಲ್ಲಿರುವಂಥ ಅದಿರಿನ ನಿಕ್ಷೇಪಕ್ಕೂ ಇದಕ್ಕೂ ಸಂಬಂಧವಿಲ್ಲ. ಸಾಮಾನ್ಯ ಗ್ರಾನೈಟ್ ಮತ್ತು ನೈಸ್ ಶಿಲೆಯಲ್ಲಿರುವ ಟನ್ನಿಗೆ ಕೆಲವೇ ಗ್ರಾಂ ಯುರೇನಿಯಂ ಸಾಕು. ಹಿಂದೆ ತೆರೆದ ಬಾವಿಯ ನೀರು ಮೆದುಕಲ್ಲಿನ ಪದರದಲ್ಲಿ ಪ್ರತಿ ಮಳೆಗಾಲವೂ ಹೊಸದಾಗುತ್ತಿತ್ತು. ಅಂತರ್ಜಲ ಕುಸಿದು ಕೊಳವೆಬಾವಿಗಳು ಸಾವಿರ ಅಡಿ ದಾಟಿದಾಗ ಸಿಗುವುದು ಕಿರಿದಾದ ಬಿರುಕುಗಳಲ್ಲಿ ಬಹುಕಾಲ ಬಂಡೆಯೊಡನೆ ಒಡನಾಡಿದ ನೀರು. ಅದು ಗಡಸು ನೀರೂ ಹೌದು, ಬೈಕಾರ್ಬನೇಟ್ ತುಂಬಿದ ನೀರೂ ಹೌದು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಸೂಚಿಸಿರುವ ಮಿತಿ ಲೀಟರಿಗೆ 30 ಮೈಕ್ರೊಗ್ರಾಂ. ಭಾರತದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ವಿಕಿರಣದ ದೃಷ್ಟಿಯಿಂದ ಹೇಳಿದ್ದ ಮಿತಿ 60 ಮೈಕ್ರೊಗ್ರಾಂ. ಈ ಎರಡೂ ಮಿತಿಗಳನ್ನು ದಾಟಿದ ಬಾವಿಗಳು ಪೂರ್ವದ ಜಿಲ್ಲೆಗಳಲ್ಲಿ ಸಿಕ್ಕಿವೆ. ಇಲ್ಲಿ ಆತಂಕಕ್ಕೆ ಮುಖ್ಯ ಕಾರಣ ವಿಕಿರಣವಲ್ಲ. ಲೀಟರಿಗೆ 30 ಮೈಕ್ರೊಗ್ರಾಂ ಎಂದರೆ ಯುರೇನಿಯಂ-238ರ ಚಟುವಟಿಕೆ ಅರ್ಧ ಬೆಕ್ವೆರೆಲ್ಲಿಗಿಂತಲೂ ಕಡಿಮೆ. ಸೀಸ, ಕ್ಯಾಡ್ಮಿಯಂಗಳಂತೆ ಭಾರಲೋಹವಾಗಿ ಅದು ಮೂತ್ರಪಿಂಡದ ಮೇಲೆ ಮಾಡುವ ಪರಿಣಾಮವೇ ದೊಡ್ಡದು. ನೀರನ್ನು ಕುದಿಸಿದರೆ ಯುರೇನಿಯಂ ಹೋಗುವುದಿಲ್ಲ; ನೀರು ಆವಿಯಾದಷ್ಟು ಅದು ಸಾಂದ್ರವಾಗುತ್ತದೆ. ಆರ್‌ಒ ಘಟಕ ಅದರ ಬಹುಪಾಲನ್ನು ತೆಗೆಯುತ್ತದೆ, ಆದರೆ ತೆಗೆದದ್ದೆಲ್ಲ ಹೊರಬಿಡುವ ತ್ಯಾಜ್ಯ ನೀರಿನಲ್ಲಿರುತ್ತದೆ ಎಂಬುದನ್ನು ಊರಿನ ಶುದ್ಧ ನೀರಿನ ಘಟಕಗಳನ್ನು ನಡೆಸುವವರು ನೆನಪಿಡಬೇಕು.

ಸರಣಿಯಲ್ಲಿ ಮುಂದೆ ಬರುವ ರೇಡಿಯಂ-226 ಕ್ಯಾಲ್ಸಿಯಂ, ಬೇರಿಯಂಗಳ ಬಳಗದ ಧಾತು. ಅರ್ಧಾಯುಷ್ಯ 1,600 ವರ್ಷ. ಮಣ್ಣಿನಲ್ಲಿ ಅದು ಜೇಡಿಗೂ ಮ್ಯಾಂಗನೀಸ್, ಕಬ್ಬಿಣದ ಆಕ್ಸೈಡುಗಳಿಗೂ ಅಂಟಿಕೊಂಡು, ಕಣಗಳ ಹೊರಮೈಯ ಮೇಲೆ ತೆಳುವಾಗಿ ಹರಡಿಕೊಳ್ಳುತ್ತದೆ. ಹೊರಮೈಯ ಮೇಲೆ ಎಂಬ ಮಾತಿಗೆ ಇಲ್ಲಿ ತೂಕವಿದೆ. ರೇಡಿಯಂ ಪರಮಾಣು ಆಲ್ಫಾ ಕಣವನ್ನು ಹೊರಚಿಮ್ಮಿ ರೇಡಾನ್ ಆಗುವಾಗ, ಆ ರೇಡಾನ್ ಪರಮಾಣು ಹಿಂದಕ್ಕೆ ಒದೆಯಲ್ಪಟ್ಟು ಖನಿಜದೊಳಗೆ ಕೆಲವು ಹತ್ತು ನ್ಯಾನೊಮೀಟರ್‌ಗಳಷ್ಟು ದೂರ ಸರಿಯುತ್ತದೆ. ರೇಡಿಯಂ ಹರಳಿನ ಒಳಗಿದ್ದರೆ ಹುಟ್ಟಿದ ರೇಡಾನ್ ಅಲ್ಲೇ ಸಿಕ್ಕಿಬಿದ್ದು ಕ್ಷಯಿಸುತ್ತದೆ. ಹೊರಮೈಗೆ ಹತ್ತಿರವಿದ್ದರೆ ಮಾತ್ರ ಅನಿಲವಾಗಿ ಮಣ್ಣಿನ ರಂಧ್ರಗಳಿಗೆ ಬಂದು ಸೇರುತ್ತದೆ. ಆದ್ದರಿಂದ ಒಂದೇ ಪ್ರಮಾಣದ ರೇಡಿಯಂ ಇದ್ದರೂ, ಇಡಿಯಾದ ಬಂಡೆಗಿಂತ ಶಿಥಿಲವಾದ ಮಣ್ಣು ಹೆಚ್ಚು ರೇಡಾನನ್ನು ಹೊರಬಿಡುತ್ತದೆ. ರಂಧ್ರದಲ್ಲಿ ತುಸು ತೇವವಿದ್ದರೆ ಒದೆತಕ್ಕೆ ಸಿಕ್ಕ ಪರಮಾಣು ಎದುರಿನ ಕಣದೊಳಗೆ ನುಗ್ಗದೆ ನೀರಿನಲ್ಲೇ ನಿಲ್ಲುವುದರಿಂದ ಬಿಡುಗಡೆ ಇನ್ನೂ ಹೆಚ್ಚುತ್ತದೆ; ಮಳೆಗೆ ಮಣ್ಣು ಪೂರ್ತಿ ನೆನೆದಾಗ ಮಾತ್ರ ಅನಿಲ ಮೇಲೆ ಬರಲು ದಾರಿಯಿಲ್ಲದಾಗುತ್ತದೆ.

ರೇಡಾನ್-222ರ ಅರ್ಧಾಯುಷ್ಯ 3.8 ದಿನ. ಒಣ ಮಣ್ಣಿನಲ್ಲಿ ಒಂದು ಮೀಟರಿನ ಆಸುಪಾಸು ಸಾಗಿ ಹೊರಗಾಳಿ ಸೇರಲು ಅಷ್ಟು ಕಾಲ ಸಾಕು. ಥೋರಿಯಂ ಸರಣಿಯ ರೇಡಾನ್-220ರ ಅರ್ಧಾಯುಷ್ಯ ಒಂದು ನಿಮಿಷಕ್ಕೂ ಕಡಿಮೆ, ಹಾಗಾಗಿ ನೆಲದ ಅಥವಾ ಗೋಡೆಯ ತೀರ ಮೇಲ್ಪದರದ್ದು ಮಾತ್ರ ಹೊರಬರುತ್ತದೆ. ಮನುಷ್ಯರಿಗೆ ವರ್ಷವೊಂದಕ್ಕೆ ಸಹಜ ಮೂಲಗಳಿಂದ ಸಿಗುವ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆಯ ಮಾನ) ವಿಕಿರಣದಲ್ಲಿ ಅರ್ಧದಷ್ಟು ರೇಡಾನ್ ಮತ್ತು ಅದರ ಸಂತತಿಯನ್ನು ಉಸಿರಾಡುವುದರಿಂದ ಬರುವಂಥದ್ದು. ಕಿಟಕಿ ಬಾಗಿಲು ತೆರೆದಿಡುವ ಬೆಂಗಳೂರಿನ ರೂಢಿಯ ಮನೆಗಳಿಗೆ ಇದು ಅಷ್ಟಾಗಿ ತಟ್ಟಲಾರದು. ನೆಲಕ್ಕೆ ಅಂಟಿಕೊಂಡಂತೆ, ಗಾಳಿಯಾಡದಂತೆ ಕಟ್ಟಿದ ನೆಲಮಾಳಿಗೆಯ ಕೋಣೆಗಳು ಹೆಚ್ಚುತ್ತಿರುವಾಗ ಅವುಗಳ ಗಾಳಿಯನ್ನು ಅಳೆಯಿಸುವುದು ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ ಮನೆಯೊಳಗಿನ ಗಾಳಿಗೆ ಘನ ಮೀಟರಿಗೆ 100 ಬೆಕ್ವೆರೆಲ್ ಎಂಬ ಮಟ್ಟವನ್ನು ಸೂಚಿಸಿದೆ.

ಇಲ್ಲಿಯವರೆಗೆ ಶಿಥಿಲೀಕರಣವು ವಿಕಿರಣಶೀಲ ಧಾತುಗಳಿಗೆ ಏನು ಮಾಡುತ್ತದೆ ಎಂದು ನೋಡಿದೆವು. ಆ ಧಾತುಗಳು ಶಿಥಿಲೀಕರಣಕ್ಕೆ ಏನಾದರೂ ನೆರವಾಗುತ್ತವೆಯೇ? ಸಣ್ಣ ಪ್ರಮಾಣದಲ್ಲಿ ಹೌದು. ಅವುಗಳ ಕ್ಷಯದಿಂದ ಹುಟ್ಟುವ ಶಾಖ ಮಣ್ಣಿನ ಮಟ್ಟದಲ್ಲಿ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಬಂಡೆ ಬಿಸಿಯಾಗಿ ಸಿಡಿಯುವುದು ಬಿಸಿಲಿನಿಂದ, ವಿಕಿರಣದಿಂದಲ್ಲ. ಆದರೆ ಆಲ್ಫಾ ಕಣದ ಬಿಡುಗಡೆಯಾದಾಗಲೆಲ್ಲ ಒದೆತ ತಿಂದ ಪರಮಾಣು ತನ್ನ ಸುತ್ತಲಿನ ಹರಳಿನ ಕ್ರಮಬದ್ಧ ರಚನೆಯನ್ನು ಕೆಡಿಸುತ್ತದೆ. ಕೋಟ್ಯಂತರ ವರ್ಷ ಇದು ನಡೆದಾಗ ಯುರೇನಿಯಂ ಹೆಚ್ಚಿರುವ ಜಿರ್ಕಾನ್, ಥೋರಿಯಂ ಹೆಚ್ಚಿರುವ ಅಲನೈಟ್ ಒಳಗಿನಿಂದಲೇ ಗಾಜಿನಂತೆ ಕ್ರಮ ತಪ್ಪಿದ ವಸ್ತುವಾಗುತ್ತವೆ, ತುಸು ಉಬ್ಬುತ್ತವೆ, ತಮ್ಮ ಸುತ್ತ ಕಿರುಬಿರುಕುಗಳನ್ನು ಎಬ್ಬಿಸುತ್ತವೆ. ಹಾಳಾಗದ ಹರಳಿಗಿಂತ ಇಂಥ ಹರಳು ನೀರಿಗೆ ಬೇಗ ಮಣಿಯುತ್ತದೆ. ಕಪ್ಪು ಅಭ್ರಕವನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಒಳಗೆ ಹುದುಗಿರುವ ಜಿರ್ಕಾನಿನ ಸುತ್ತ ಗಾಢ ಬಣ್ಣದ ಉಂಗುರಗಳು ಕಾಣುತ್ತವೆ. ಆಲ್ಫಾ ಕಣಗಳು ತಲುಪುವ ದೂರಕ್ಕೆ ಸರಿಯಾಗಿ ಉಂಟಾದ ಕಲೆಗಳು ಇವು ಎಂದು ಐರ್ಲೆಂಡಿನ ಜಾನ್ ಜಾಲಿ 1907ರಲ್ಲಿ ವಿವರಿಸಿದರು. ಇದೇ ಒದೆತ ಇನ್ನೊಂದು ವಿಚಿತ್ರವನ್ನೂ ಉಂಟುಮಾಡುತ್ತದೆ. ಯುರೇನಿಯಂ-234 ಹುಟ್ಟುವುದೇ ಇಂಥ ಕೆಟ್ಟ ಜಾಗದಲ್ಲಾದ್ದರಿಂದ ಅದು ತನ್ನ ಮೂಲವಾದ ಯುರೇನಿಯಂ-238ಕ್ಕಿಂತ ಸುಲಭವಾಗಿ ನೀರಿಗೆ ಇಳಿಯುತ್ತದೆ. ರಾಸಾಯನಿಕವಾಗಿ ಎರಡೂ ಒಂದೇ ಧಾತುವಾದರೂ ಅಂತರ್ಜಲದಲ್ಲಿ ಸಾಮಾನ್ಯವಾಗಿ ಯುರೇನಿಯಂ-234ರ ಚಟುವಟಿಕೆ ಹೆಚ್ಚಿರುವುದು ಇದರಿಂದ.

ಮುರಿದ ಈ ಸಮತೋಲವೇ ಗಡಿಯಾರವಾಗಿಯೂ ಒದಗುತ್ತದೆ. ಯುರೇನಿಯಂ ಹೋಗಿ ಥೋರಿಯಂ-230 ಉಳಿದರೆ, ಹಾಗೆ ಉಳಿದದ್ದು ಸುಮಾರು 75 ಸಾವಿರ ವರ್ಷದ ತನ್ನ ಅರ್ಧಾಯುಷ್ಯದ ಗತಿಯಲ್ಲಿ ಕ್ಷಯಿಸುತ್ತ ಮತ್ತೆ ಸಮತೋಲಕ್ಕೆ ಮರಳುತ್ತದೆ. ಪಾಯದ ಗುಂಡಿಯ ಬೇರೆ ಬೇರೆ ಆಳಗಳಿಂದ ಮಾದರಿ ತೆಗೆದು ಯುರೇನಿಯಂ-238, ಯುರೇನಿಯಂ-234, ಥೋರಿಯಂ-230 ಮೂರರ ಅನುಪಾತವನ್ನು ಅಳೆದರೆ, ಶಿಥಿಲೀಕರಣದ ಅಂಚು ಕೆಳಗೆ ಸರಿಯುತ್ತಿರುವ ವೇಗವನ್ನು ಕೆಲವು ಲಕ್ಷ ವರ್ಷಗಳ ವ್ಯಾಪ್ತಿಯಲ್ಲಿ ಅಂದಾಜು ಮಾಡಬಹುದು. ಇನ್ನೂ ಹಿಂದಕ್ಕೆ ಹೋಗಲು ಪೊಟ್ಯಾಸಿಯಂ-40 ನೆರವಾಗುತ್ತದೆ. ಅದರ ಹತ್ತರಲ್ಲಿ ಒಂದು ಭಾಗದಷ್ಟು ಆರ್ಗಾನ್-40 ಎಂಬ ಅನಿಲವಾಗುತ್ತದೆ, ಉಳಿದದ್ದು ಕ್ಯಾಲ್ಸಿಯಂ-40. ಶಿಥಿಲೀಕರಣದ ಸಮಯದಲ್ಲೇ ಹುಟ್ಟುವ, ಪೊಟ್ಯಾಸಿಯಂ ಉಳ್ಳ ಮ್ಯಾಂಗನೀಸ್ ಆಕ್ಸೈಡಿನಲ್ಲಿ ಸಿಕ್ಕಿಬಿದ್ದ ಆರ್ಗಾನನ್ನು ಅಳೆದರೆ ಆ ಖನಿಜ ಹುಟ್ಟಿದ ಕಾಲ ತಿಳಿಯುತ್ತದೆ. ಬಳ್ಳಾರಿ ಸೀಮೆಯ ಸಂಡೂರಿನ ಮ್ಯಾಂಗನೀಸ್ ಪದರಗಳನ್ನು ಹೀಗೆ ಪರೀಕ್ಷಿಸಿದಾಗ, ಸುಮಾರು 3.6 ಕೋಟಿಯಿಂದ 2.6 ಕೋಟಿ ವರ್ಷಗಳ ಹಿಂದೆ ಅಲ್ಲಿ ತೀವ್ರವಾದ ಜಂಬಿಟ್ಟಿಗೆಯ ಶಿಥಿಲೀಕರಣ ನಡೆದಿತ್ತೆಂದು ಕಂಡುಬಂದಿದೆ. ನಮ್ಮ ಪ್ರಸ್ಥಭೂಮಿಯ ಕೆಂಪು ಹೊದಿಕೆ ಇಂದಿನ ಹವಾಮಾನವೊಂದರಿಂದಲೇ ಆದದ್ದಲ್ಲ, ಹಿಂದಿನ ಹೆಚ್ಚು ತೇವದ ಕಾಲಗಳ ಕೆಲಸವೂ ಅದರಲ್ಲಿದೆ ಎಂದು ಹೇಳಲು ಇಂಥ ಆಧಾರಗಳು ಬೇಕೇಬೇಕು.

ಈ ಮಾದರಿಗಳನ್ನು ಅಳೆಯುವ ಸಾಮಾನ್ಯ ಸಾಧನ, ಕಿರಣಗಳನ್ನು ಅವುಗಳ ಶಕ್ತಿಗೆ ತಕ್ಕಂತೆ ವಿಂಗಡಿಸಿ ತೋರಿಸುವ ಗಾಮಾ ರೋಹಿತಮಾಪಕ. ಪೊಟ್ಯಾಸಿಯಂ-40ರ ಕಿರಣ 1,461 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ ನೇರವಾಗಿ ಕಾಣುತ್ತದೆ. ಥೋರಿಯಂನ್ನು ಅದರ ಸಂತತಿಯ ಥ್ಯಾಲಿಯಂ-208 ಹೊರಡಿಸುವ 2,614ರ ಕಿರಣದಿಂದ ಅಂದಾಜು ಮಾಡುತ್ತಾರೆ. ಯುರೇನಿಯಂಗೆ ಬಿಸ್ಮತ್-214ರ 1,764ರ ಕಿರಣವೇ ಆಧಾರ. ಬಿಸ್ಮತ್-214 ಬರುವುದು ರೇಡಾನಿನ ನಂತರ. ರೇಡಾನ್ ಸೋರಿಹೋಗಿದ್ದರೆ, ರೇಡಿಯಂ ಬೇರೆಡೆಗೆ ಸರಿದಿದ್ದರೆ, ಅಥವಾ ಯುರೇನಿಯಂ ಹೋಗಿ ರೇಡಿಯಂ ಮಾತ್ರ ಉಳಿದಿದ್ದರೆ ಉಪಕರಣ ತೋರಿಸುವ ಯುರೇನಿಯಂ ಅಂಕಿ ನಿಜವಾದ ಯುರೇನಿಯಂ ಆಗಿರುವುದಿಲ್ಲ. ಬಂಡೆಯಲ್ಲಿ ಸರಿ ಹೊಂದುವ ಈ ಊಹೆ ಮಣ್ಣಿನಲ್ಲಿ ಸರಿ ಹೊಂದಲೇಬೇಕೆಂದಿಲ್ಲ. ಜೊತೆಗೆ, ನೆಲದ ಮೇಲಿಟ್ಟ ಉಪಕರಣಕ್ಕೆ ತಲುಪುವ ಕಿರಣಗಳಲ್ಲಿ ಹೆಚ್ಚಿನವು ಮೇಲಿನ ಒಂದು ಒಂದೂವರೆ ಅಡಿಯವು. ಮೇಲ್ಪದರದ ಅಳತೆಯಿಂದ ಸಾವಿರ ಅಡಿ ಕೆಳಗಿನ ನೀರಿನ ಯುರೇನಿಯಂನ್ನು ಊಹಿಸಲು ಆಗದು. ನೀರನ್ನು ನೀರಾಗಿಯೇ ಪರೀಕ್ಷಿಸಬೇಕು.

ಇತ್ತೀಚಿನ ನೂರು ನೂರೈವತ್ತು ವರ್ಷಗಳ ಕಥೆಗೆ ಸೀಸ-210 ಬೇಕು. ನೆಲದಿಂದ ಹೊರಬಂದ ರೇಡಾನ್ ಗಾಳಿಯಲ್ಲೇ ಕ್ಷಯಿಸಿ, ಸುಮಾರು 22 ವರ್ಷ ಅರ್ಧಾಯುಷ್ಯದ ಸೀಸ-210 ಆಗಿ, ಮಳೆಯೊಡನೆ ಮತ್ತೆ ನೆಲಕ್ಕಿಳಿದು ಮೇಲ್ಮಣ್ಣಿನ ಕೆಲವು ಸೆಂಟಿಮೀಟರ್‌ಗಳಿಗೆ ಅಂಟಿಕೊಳ್ಳುತ್ತದೆ. ಆ ಮಣ್ಣು ಕೊಚ್ಚಿಕೊಂಡು ಕೆರೆ ಸೇರಿದಾಗ ಹೂಳಿನ ಪ್ರತಿ ಪದರದಲ್ಲೂ ಅದರ ಅಂಶ ಉಳಿಯುತ್ತದೆ. ಮೇಲಿನಿಂದ ಕೆಳಕ್ಕೆ ಸೀಸ-210 ಹೇಗೆ ಕಡಿಮೆಯಾಗುತ್ತ ಹೋಗುತ್ತದೆಂದು ನೋಡಿದರೆ ಯಾವ ಪದರ ಯಾವ ದಶಕದ್ದು, ಊರು ಬೆಳೆದಂತೆ ಹೂಳು ತುಂಬುವ ವೇಗ ಎಷ್ಟು ಹೆಚ್ಚಿತು ಎಂದು ಹೇಳಬಹುದು. ಬೆಂಗಳೂರಿನ ಕೆರೆಗಳಲ್ಲಿ ಈ ದಾಖಲೆ ಬೇಗಬೇಗ ಕಳೆದುಹೋಗುತ್ತಿದೆ. ಹೂಳೆತ್ತುವ ಯಂತ್ರಗಳು ಪದರಗಳನ್ನೆಲ್ಲ ಒಮ್ಮೆಗೇ ಕಲಸಿಬಿಡುತ್ತವೆ, ಪಾಯದ ಮಣ್ಣನ್ನು ಲಾರಿಗಳಲ್ಲಿ ತಂದು ಕೆರೆಯಂಗಳಕ್ಕೆ ಸುರಿದಾಗ ಹತ್ತಾರು ಅಡಿ ಕೆಳಗಿನ ಹಳೆಯ ಮೆದುಕಲ್ಲು ಹೊಸ ಹೂಳಿನ ಮೇಲೆ ಬಂದು ಕೂರುತ್ತದೆ. ಹೂಳೆತ್ತುವುದು ಬೇಡವೆಂದು ಯಾರೂ ಹೇಳಲಾರರು. ಕೆಲಸ ಆರಂಭವಾಗುವ ಮುನ್ನ ಕೆರೆಯ ನಡುವಿನಿಂದ ಒಂದೆರಡು ಮೀಟರ್ ಉದ್ದದ ಹೂಳಿನ ಕೊಳವೆ ಮಾದರಿಗಳನ್ನು ಕಲಕದಂತೆ ತೆಗೆದಿಡುವುದಕ್ಕೆ ಬೇಕಾಗುವುದು ಒಂದು ದಿನದ ಶ್ರಮ ಮತ್ತು ಒಂದಿಷ್ಟು ಪ್ಲಾಸ್ಟಿಕ್ ಪೈಪು. ಕಾಮಗಾರಿಯ ಅಂದಾಜುಪಟ್ಟಿಯಲ್ಲಿ ಇದನ್ನೂ ಒಂದು ಬಾಬತ್ತಾಗಿ ಸೇರಿಸಿ, ಮಾದರಿಗಳನ್ನು ನಗರದ ವಿಶ್ವವಿದ್ಯಾಲಯಗಳ ಭೂವಿಜ್ಞಾನ ವಿಭಾಗಗಳಿಗೆ ತಲುಪಿಸುವ ಏರ್ಪಾಡು ಮಾಡಬೇಕು.